ನಮ್ಮ ಮನಿಯವರು ದ್ವೀಪಕ್ಕೆ ಹೋಗಿ ಜನರೇಟರ್ ನೋಡಿ ಬಂದದ್ದು

ಇವತ್ತು ಮುಂಜಾನೆ ನನ್ನ ಮೊಮ್ಮಗಳು ಮಾತಾಡಿದಳು!

ನಿಲ್ಲರಿ, ಇನ್ನೊಮ್ಮೆ ಬರೀತೀನಿ. ಒಮ್ಮೆ ಬರೆದರೆ ನನಗೆ ಸಮಾಧಾನ ಆಗೂದಿಲ್ಲ. ನನ್ನ ಮೊಮ್ಮಗಳು ಮಾತಾಡಿದಳು! ಐದು ವರ್ಷದ ಕೂಸು. ವರ್ಷದಿಂದ ತುಟಿ ಬಿಚ್ಚದ ಕೂಸು. ಬನಹಟ್ಟಿಯ ನಮ್ಮ ಓಣಿ ಮಂದಿಯೆಲ್ಲ ಕೇಳುವಂತೆ ಮಾತಾಡಿದಳು. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಒತ್ತು, ದೀರ್ಘ ತಪ್ಪಿದ್ದರೆ ಸಂತೋಷದ ಲೆಕ್ಕಕ್ಕೆ ಹಾಕಿಕೊಳ್ಳಿರಿ.

ಆದರೆ ಈ ಸಂತೋಷದೊಳಗೆ ನನಗೊಂದು ಸೋಲೂ ಆಗಿದೆ. ನಮ್ಮ ಮನಿಯವರಂಥ ಸುಳ್ಳುಗಾರರು ರಬಕವಿ-ಬನಹಟ್ಟಿ ಎರಡೂ ಊರು ಜರಡಿ ಹಿಡಿದರೂ ಸಿಗಲಿಕ್ಕಿಲ್ಲ ಅಂತ ನಾನು ಇಷ್ಟು ದಿನ ಸಾರಿಕೊಂಡು ಬಂದಿದ್ದೆ. ಇವತ್ತು ನೋಡಿದರೆ ನಮ್ಮ ಮನಿಯೊಳಗೆ ಖರೆ ಹೇಳಿದವರು ಅವರೊಬ್ಬರೇ! ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ. ಹೇಳಿದರೂ ಅವರಿಗೆ ಕೇಳೂದಿಲ್ಲ.

ಹೌದು, ಅವರಿಗೆ ಕಿವಿ ಕೇಳೂದಿಲ್ಲ. ಮೀಸೆ ಮೂಡುವ ಮೊದಲೇ ಮಗ್ಗದ ಮುಂದೆ ನಿಂತವರು. ನಮ್ಮ ಹಿಂದಿನ ಖೋಲಿಯಲ್ಲಿ ಪಾವರ್‌ಲೂಮ್ ತಿರುಗಾಕ ಹತ್ತಿದರೆ ಬಾಜೂಕ ನಿಂತು ಒದರಿದರೂ ಕೇಳಿಸೂದಿಲ್ಲ. ಅದಕ್ಕೇ ನೇಕಾರ ಮಂದಿ ತುಟಿ ನೋಡಿ ಮಾತು ತಿಳಿಯುತ್ತಾರೆ. ಇವರಂತೂ ಅದರಲ್ಲಿ ಪಂಡಿತರು. ಆ ಗೋಡೆ ಬದಿಗೆ ನಿಂತು ನಾನು ಬಾಯಿಯೊಳಗೇ ಬೈದುಕೊಂಡರೆ ಈ ಗೋಡೆ ಬದಿಯಿಂದ ಉತ್ತರ ಬರುತ್ತದೆ. ಲಗ್ನವಾದ ಹೊಸದರಲ್ಲಿ ನನಗಿದು ಗೊತ್ತಿರಲಿಲ್ಲ. ಮಗ್ಗದ ಸಪ್ಪಳ ಐತಿ, ಯಾರಿಗೆ ಕೇಳಬೇಕು ಅಂತ ಅತ್ತೆಗೆ ಏನೇನು ಅಂದಿದ್ದೆನೋ! ಅದೆಲ್ಲ ಇವರಿಗೆ ಇಂದಿಗೂ ಬಾಯಿಪಾಠ.

ಕಿವಿ ಹೋಗಿದೆ ಅಂತ ಒಪ್ಪುತ್ತಾರೇನು? ಊಹೂಂ! "ನನ್ನ ಕಿವಿ ಛಲೋ ಅದಾವ. ಈಗಿನ ಮಂದಿನ ಸಣ್ಣಕ ಮಾತಾಡಾಕ ಕಲತಾರ" ಅನ್ನುತ್ತಾರೆ. ತಾವು ಮಾತ್ರ ಒಳಗಿಂದ ನೀರು ಕೇಳಿದರೆ ಬಸ್ ಸ್ಟ್ಯಾಂಡಿನಾಗ ನಿಂತವರು ಚರಿಗೆ ತುಂಬಬೇಕು, ಹಂಗೆ ಒದರುತ್ತಾರೆ.

ಈಗ ಅಳುವ ಮಾತು. ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹೋದ ವರ್ಷ ನಮ್ಮ ಸೊಸಿ ತೀರಿಕೊಂಡಳು. ಜ್ವರ ಅಂತ ಮಲಗಿದವಳು ಏಳಲಿಲ್ಲ. ನಡುಮನಿಯಲ್ಲಿ ಮಲಗಿಸಿದ್ದೆವು, ಮನಿ ತುಂಬ ಮಂದಿ. ಕೂಸು "ಅವ್ವಾ, ಅವ್ವಾ" ಅಂತ ಚೀರಿಕೊಂಡು ಓಡಿಬಂತು. ಯಾರೋ ಪುಣ್ಯಾತಗಿತ್ತಿ ಅದನ್ನು ಹಿಡಿದು ಎದೆಗೆ ಒತ್ತಿಕೊಂಡು, "ಗದ್ದಲ ಮಾಡಬ್ಯಾಡ ನನ್ನವ್ವ, ನಿಮ್ಮವ್ವ ಮಲಗ್ಯಾಳ" ಅಂದಳು. ಅವಳೂ ಅಳುತ್ತಲೇ ಅಂದಳು. ಆವತ್ತು ಮುಚ್ಚಿದ ಬಾಯಿ ನೋಡಿರಿ! ಬಜಿ ಬೇರು ತೇಯ್ದು ನಾಲಿಗೆಗೆ ಹಚ್ಚಿದೆವು. ಮಲ್ಲಯ್ಯನ ಗುಡಿಯ ಗಂಟಿ ಬಾರಿಸಿದೆವು. ಜಮಖಂಡಿ ಡಾಕ್ಟರು ಟಾರ್ಚ್ ಹಾಕಿ ಗಂಟಲು ನೋಡಿ, "ಇಲ್ಲೇನೂ ತ್ರಾಸಿಲ್ರಿ ಅಮ್ಮಾ. ದುಃಖ ಕುಂತೈತಿ. ಒತ್ತಾಯ ಮಾಡಬ್ಯಾಡ್ರಿ, ಎಲ್ಲೆರ ಹೊರಗ ತಿರಗ್ಯಾಡಿಸಿಕೊಂಡು ಬರ್ರಿ" ಅಂದರು.

ಎಲ್ಲಿಗೆ ಹೋಗೂದು? ಮಗ ಒಂದು ಟೂರಿನ ಕಾಗದ ತಂದಿದ್ದ. ಅದರ ಮೇಲೆ ನೀಲಿ ನೀರು, ನಡುವೆ ಒಂದು ಪುಟ್ಟ ನಡುಗಡ್ಡೆ. ಕೂಸು ಬಂದು ಅದರ ಮೇಲೆ ಬೆರಳಿಟ್ಟಿತು. ಅವ್ವ ಹೋದ ಮೇಲೆ ಅದು ಏನನ್ನೂ ಬೇಕು ಅಂದಿರಲಿಲ್ಲ. ಬೆರಳಿಟ್ಟದ್ದು ಸಾಕಾಯಿತು, ಹೊರಟೆವು. ನಮ್ಮ ಮನಿಯವರೊಬ್ಬರದೇ ತಕರಾರು: "ನಡುಗಡ್ಡಿ ನೋಡಾಕ ಸಮುದ್ರದಾಗ ಯಾಕ ಹೋಗಬೇಕಲೇ? ಬ್ಯಾಸಗಿ ಬಂದ್ರ ನಮ್ಮ ಕೃಷ್ಣಾ ಹೊಳ್ಯಾಗ ಬೇಕಾದಷ್ಟು ಏಳತಾವ!" ಮಗ ಮಗ್ಗ ಬಿಟ್ಟು ಬರುವಂತಿರಲಿಲ್ಲ. ನಾವಿಬ್ಬರು ಮುದುಕರು, ನಡುವೆ ಕೂಸು, ಮತ್ತೆ ಒಂದು ಚೀಲ ಕಟಕ ರೊಟ್ಟಿ, ಶೇಂಗಾ ಚಟ್ನಿ. ಇಷ್ಟು ಜನ ಹೊರಟೆವು.

ವಿಮಾನದಲ್ಲಿ ಕುಳಿತದ್ದೇ ಇವರು ಗೊರಕೆ ಹೊಡೆದರು. ಇಳಿಯುವಾಗ ಎಬ್ಬಿಸಿದರೆ, "ಛಲೋ ಗಾಡಿ ಐತಿ, ನಮ್ಮ ಮಗ್ಗದಂಗ ಬಡಕೊಳ್ಳತೈತಿ" ಅಂತ ಸರ್ಟಿಫಿಕೇಟ್ ಕೊಟ್ಟರು. ಅಲ್ಲಿಂದ ಅಂಡಮಾನದ ಕಡೆಯ ಆ ಸಣ್ಣ ದ್ವೀಪಕ್ಕೆ ಹಡಗು. ನಮ್ಮ ಗುಂಪಿನಲ್ಲಿ ಧಾರವಾಡದ ಮಾಸ್ತರರೊಬ್ಬರು, ಅವರ ಹೆಂಡತಿ. ಆ ಹೆಣ್ಣುಮಗಳು ಉಟ್ಟ ಸೀರೆ ಗಾಳಿಗೆ ಹಾರಿ ಇವರ ಮೊಣಕೈಗೆ ತಾಗಿತು. ಬನಹಟ್ಟಿ ಮಂದಿಯ ಕೈ ಸುಮ್ಮನಿರುತ್ತದೇನು? ಎರಡು ಬೆರಳಲ್ಲಿ ಸೆರಗು ಹಿಡಿದು ತಿಕ್ಕಿ ನೋಡಿಯೇಬಿಟ್ಟರು!

"ಅಕ್ಕಾರ, ಏನಂತ ತಗೊಂಡ್ರಿ ಇದನ್ನ?"

"ರೇಶ್ಮಿರಿ. ನಮ್ಮವರು ಈ ಟೂರಿಗಂತನ ತಂದಾರ" ಅಂದರು ಮಾಸ್ತರರ ಹೆಂಡತಿ, ನಾಚಿಕೊಂಡು.

"ಇದರಾಗ ರೇಶ್ಮಿ ಹೆಸರಿಗೂ ಇಲ್ರಿ!"

ಹಡಗಿನ ಭೋಂಗಾ ಊದಿದರೂ ಅಷ್ಟು ದೂರ ಕೇಳುತ್ತಿರಲಿಲ್ಲ. ಮುಂದೆ ದ್ವೀಪ ಮುಟ್ಟುವ ತನಕ ಮಾಸ್ತರರು ಸಮುದ್ರ ನೋಡಿದರು, ಅವರ ಹೆಂಡತಿ ಮಾಸ್ತರರನ್ನು ನೋಡಿದರು.

ನಮ್ಮ ಗೈಡ್ ಹುಬ್ಬಳ್ಳಿ ಕಡೆಯವನು, ಲಗ್ನವಾಗಿ ಎರಡು ಮಕ್ಕಳಿದ್ದ ಗೃಹಸ್ಥ. ಕೈಯಲ್ಲೊಂದು ಕೆಂಪು ಧ್ವಜ, ಕೊರಳಲ್ಲೊಂದು ಸೀಟಿ. ದಂಡೆಯ ಮೇಲೆ ನಮ್ಮನ್ನೆಲ್ಲ ನಿಲ್ಲಿಸಿ, "ಇದು ಆರಾಮದ ದ್ವೀಪರಿ. ಇಲ್ಲಿ ಯಾರಿಗೂ ಗಡಬಡಿ ಇಲ್ಲ. ನೀವೂ ಏನೂ ಮಾಡಬ್ಯಾಡ್ರಿ" ಅಂದ.

ಇವರು ಅವನ ತುಟಿಯನ್ನೇ ನೋಡುತ್ತಿದ್ದವರು, "ಏನೂ ಮಾಡದಕ್ಕ ಇಷ್ಟ ದೂರ ಕರಕೊಂಡ ಬಂದೀಯೇನೋ ತಮ್ಮಾ? ನಮ್ಮ ಕಟ್ಟಿ ಮ್ಯಾಲ ಕುಂತಿದ್ರ ಆಗತಿತ್ತಲ್ಲ!" ಅಂದರು.

ಆ ಗೈಡ್ ಪಾಪ ನಕ್ಕ. ಆಮೇಲೆ ದೂರ ಹೋಗಿ, ತೆಂಗಿನ ಮರದ ಕೆಳಗೆ ನಿಂತು ಹೆಂಡತಿಗೆ ಫೋನ್ ಹಚ್ಚಿದ. ಅವನ ಮಾತು ನಮಗ್ಯಾರಿಗೂ ಕೇಳುತ್ತಿರಲಿಲ್ಲ. ಇವರು ಮಾತ್ರ ಕಣ್ಣು ಕಿರಿದು ಮಾಡಿ ನೋಡುತ್ತಿದ್ದವರು ಇಲ್ಲಿಂದಲೇ ಒದರಿದರು: "ಆ ಮುದುಕನಿಗೂ ನಿನ್ನ ಕಾಲಾಗ ಸಾಕಾಗೇತಿ ಅಂತ ಹೇಳೋ ನಿನ್ನ ಹೆಂಡ್ತಿಗೆ!" ಗೈಡ್‌ನ ಕೈಯಿಂದ ಫೋನ್ ಉಸುಕಿಗೆ ಬಿತ್ತು. ಮುಂದೆ ಅವನು ಮನಿ ಮಂದಿ ಜೋಡಿ ಮಾತಾಡುವಾಗ ಧ್ವಜವನ್ನು ಬಾಯಿಗೆ ಅಡ್ಡ ಹಿಡಿದುಕೊಳ್ಳುತ್ತಿದ್ದ.

ದ್ವೀಪ ಖರೇನೇ ಚೆಂದಿತ್ತು ಬಿಡಿರಿ. ನಮ್ಮ ನೂಲಿನ ಬಣ್ಣದ ಬೋಗುಣಿಯೊಳಗೆ ಕಾಣದ ನೀಲಿ. ಮಂದಿ ಉಂಡು ಬಲೆಯ ಜೋಕಾಲಿಯಲ್ಲಿ ಮಲಗೂದು, ಎದ್ದು ಎಳನೀರು ಕುಡಿಯೂದು, ಮತ್ತೆ ಮಲಗೂದು. ಇವರಿಗೆ ಮಾತ್ರ ನಿದ್ದಿ ಬರಲೊಲ್ಲದು! ನಮ್ಮಲ್ಲಿ ಮಗ್ಗ ನಿಂತರೆ ಕೂಸು ಸೈತ ಎಚ್ಚರಾಗುತ್ತದೆ. ಕಿವಿ ಹೋದವರಿಗೆ ಸಪ್ಪಳದ ಗೊಡವೆ ಯಾಕ ಅನ್ನುತ್ತೀರೇನು? ಅವರು ಸಪ್ಪಳ ಕೇಳೂದು ಕಿವಿಯಿಂದಲ್ಲ, ಅಂಗಾಲಿನಿಂದ. "ಇದೇನ ನೆಲಾನೋ ಹೆಣಾನೋ? ಅಳಗ್ಯಾಡವಲ್ದು" ಅಂತ ಜೋಕಾಲಿ ಇಳಿದು ಹೋದರು. ಹುಡುಕಿದರೆ ಎಲ್ಲಿ? ಹೋಟೆಲಿನ ಹಿಂದೆ, ಢಣ ಢಣ ಬಡಿದುಕೊಳ್ಳುವ ಜನರೇಟರಿನ ಬಾಜೂಕ, ಪಂಜೆ ಹಾಸಿಕೊಂಡು! ಎದುರಿಗೆ ಸಮುದ್ರ ಬಿಟ್ಟು ಡೀಸೆಲ್ ವಾಸನೆ ಕುಡಿಯುವ ಪ್ರವಾಸಿಯನ್ನು ನೀವೆಲ್ಲಾದರೂ ನೋಡಿದ್ದೀರೇನು?

ಕೂಸೂ ಅವರ ಬೆನ್ನು ಹತ್ತಿ ಹೋಯಿತು. ದಿನಾ ಮಧ್ಯಾಹ್ನ ಇಬ್ಬರದೂ ಅಲ್ಲೇ ಠಿಕಾಣಿ. ಒಂದು ದಿನ ಬಂದು ಇವರು ನನಗೆ ಹೇಳಿದರು: "ಏ, ಕೂಸು ಮಾತಾಡತು. ಸಮುದ್ರದ ನೀರು ಉಪ್ಪ ಯಾಕ ಅಂತ ಕೇಳತು."

ಓಡಿಹೋಗಿ ಕೂಸನ್ನು ತೊಡೆಗೆ ಎಳೆದುಕೊಂಡು, "ಖರೇನ? ಮುತ್ಯಾನ ಜೋಡಿ ಮಾತಾಡಿದಿ? ನನಗೂ ಒಂದ ಮಾತ ಹೇಳ ನನ್ನ ಬಂಗಾರ" ಅಂದೆ. ಕೂಸು ನೆಲ ನೋಡಿತು. ಆ ದ್ವೀಪದೊಳಗೆ ಎಷ್ಟು ಶಾಂತಿ ಇತ್ತೆಂದರೆ ಅದರ ಉಸಿರು ಸೈತ ಕೇಳುತ್ತಿತ್ತು. ಮಾತು ಮಾತ್ರ ಇಲ್ಲ.

"ಕೂಸಿನ ಹೆಸರಲೆ ಸುಳ್ಳ ಹೇಳಬ್ಯಾಡ್ರಿ. ನನ್ನ ಜೀಂವ ಹೋಗತೈತಿ" ಅಂತ ಅತ್ತುಬಿಟ್ಟೆ.

"ಸುಳ್ಳ ಯಾಕ ಹೇಳಲಿ? ನಿನ್ನ ಕಿವಿಗೆ ಏನಾಗೇತಿ?" ಅಂದರು. ಕೇಳಿದಿರಾ? ನನ್ನ ಕಿವಿಗೆ!

ಊರಿಗೆ ಬಂದ ಮೇಲಂತೂ ದಿನಕ್ಕೊಂದು ವರದಿ. ಮಗ್ಗದ ಖೋಲಿಯಿಂದ ಹೊರಬಂದು, "ಕೂಸಿಗೆ ಜಿಲೇಬಿ ಬೇಕಂತ" ಅನ್ನುತ್ತಾರೆ. ಜಿಲೇಬಿ ಮೇಲೆ ಜೀವ ಯಾರಿಗೆ ಅಂತ ನನಗೆ ಗೊತ್ತಿಲ್ಲೇನು? "ಆಯಿ ಜುಣಕ ಭಾಳ ಖಾರ ಮಾಡತಾಳ ಅಂತೈತಿ" ಅನ್ನುತ್ತಾರೆ. ಆಯಿ ಅಂದರೆ ನಾನೇ; ನನ್ನ ಕಡಲೆಹಿಟ್ಟಿನ ಜುಣಕದ ಮೇಲೆ ಲಗ್ನವಾದಾಗಿಂದ ಇದೇ ದೂರು ಇವರದು, ಈಗ ಕೂಸಿನ ಬಾಯಿಂದ! ನಗಬೇಕೋ ಅಳಬೇಕೋ ತಿಳಿಯದೆ ನಾನು ಎರಡೂ ಮಾಡುತ್ತಿದ್ದೆ. ಮುಧೋಳದಿಂದ ಬಂದ ಮಗಳು ನನ್ನನ್ನು ಬದಿಗೆ ಕರೆದು, "ಅಪ್ಪಾರ ತಲಿ ಒಂಚೂರ ಡಾಕ್ಟರಿಗೆ ತೋರಸೂಣು" ಅಂದಳು. ಒಂದು ದಿನ ಮಗ ಉಣ್ಣುತ್ತಿದ್ದವನು ತಾಟು ಸರಿಸಿ ಎದ್ದುಬಿಟ್ಟ. "ಅಪ್ಪಾ, ಸಾಕ ಮಾಡು. ಆಕಿ ಮಾತಾಡಿದಳು ಅಂತ ನೀ ಅಂದಾಗೊಮ್ಮೆ ನಾ ಓಡಿ ಬರತೀನಿ. ಎಷ್ಟ ಸಲ ಓಡಿ ಬರಲಿ?" ಅಂದ. ಇವರು ಮಗನ ತುಟಿ ನೋಡಿದರು, ಕೂಸಿನ ಕೈ ಹಿಡಿದು ಮಗ್ಗದ ಖೋಲಿಗೆ ಹೋದರು.

ಇವತ್ತು ಮುಂಜಾನೆ ಮಗ್ಗಗಳೆಲ್ಲ ಜೋರಿನಲ್ಲಿದ್ದವು. ಇವರು ನೂಲು ಸುತ್ತುತ್ತಿದ್ದರು, ಕೂಸು ಅವರ ಮುಂದೆ ಕುಳಿತಿತ್ತು. ಮಗ ಹರಿದ ಎಳೆ ಗಂಟು ಹಾಕುತ್ತಿದ್ದ. ನಾನು ಚಹಾ ಹಿಡಿದು ಬಾಗಿಲಿಗೆ ಬಂದೆ. ಅಷ್ಟರಲ್ಲಿ ಕರೆಂಟ್ ಹೋಯಿತು.

ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಶಾಂತಿಯ ನಡುವೆ ಒಂದು ಸಣ್ಣ ದನಿ, ದೊಡ್ಡದಾಗಿ, ಅರ್ಧ ಮಾತಿನೊಳಗೆ ಸಿಕ್ಕಿಬಿತ್ತು:

"...ಆಯಿ ಮಾಡಿದ ಜುಣಕ ನಾಯಿ ಸೈತ ತಿನ್ನಂಗಿಲ್ಲ ಮುತ್ಯಾ!"

ಚಹಾ ಎಲ್ಲಿ ಬಿತ್ತೋ ನನಗೆ ಗೊತ್ತಿಲ್ಲ. ಮಗ ಎಳೆ ಹಿಡಿದುಕೊಂಡೇ ಕೂಸಿನ ಕಡೆ ಓಡಿದ. ಓಣಿಯಿಂದ ಯಾರೋ "ಯಾರ ಕೂಸದು?" ಅಂದರು. "ನಮ್ಮದು! ನಮ್ಮದು!" ಅಂತ ನಾನು ಚೀರಿದೆ. ನನ್ನ ಅಡಿಗಿಗೆ ಅಷ್ಟು ಛಲೋ ಮಾತು ಇಲ್ಲಿತನಕ ಯಾರೂ ಆಡಿರಲಿಲ್ಲ!

ಸಪ್ಪಳ ಇದ್ದಲ್ಲಿ ಮಾತ್ರ ಕೂಸು ಮಾತಾಡುತ್ತಿತ್ತು ನೋಡಿರಿ. ನಮಗದು ಕೇಳುತ್ತಿರಲಿಲ್ಲ. ಇವರಿಗೆ ಸಪ್ಪಳವೂ ಅಷ್ಟೇ, ಶಾಂತಿಯೂ ಅಷ್ಟೇ, ತುಟಿ ಕಂಡರೆ ಆಯಿತು. ಮಗ ಹೋಗಿ ಅಪ್ಪನ ಕಾಲು ಹಿಡಿದ. "ಇದರಾಗ ಹೊಸಾದೇನೈತಿ? ದ್ವೀಪದಾಗಿಂದನ ಮಾತಾಡಾಕತ್ತಾಳ" ಅಂದರು ಇವರು.

ಮಧ್ಯಾಹ್ನ ನಾನು ಅವರ ಮುಂದೆ ಕುಳಿತು ಕೇಳಿದೆ: "ಜನರೇಟರ್ ಬಾಜೂಕ ಮೊದಲ ಏನ ಅಂತರಿ ಕೂಸು? ಉಪ್ಪಿನ ಮಾತ?"

ಅವರು ನೂಲಿನ ಕಡೆ ನೋಡುತ್ತಾ ಹೇಳಿದರು. "ಅದಲ್ಲ. 'ಇಲ್ಲಿ ಗದ್ದಲ ಮಾಡಿದ್ರ ಅವ್ವ ಏಳ್ತಾಳೇನು ಮುತ್ಯಾ' ಅಂತ ಕೇಳತು. ಅದನ್ನ ನಿನಗ ಹೆಂಗ ಹೇಳಲಿ?"

"ನೀವೇನಂದ್ರಿ?"

"ಇಷ್ಟ ದೂರದಿಂದ ಆಕಿಗೆ ಕೇಳೂದಿಲ್ಲ. ಎಷ್ಟ ಬೇಕ ಅಷ್ಟ ಮಾತಾಡು ಅಂದ್ನಿ."

ಸುದ್ದಿ ಕೇಳಿ ಸಂಜೀಕ ಮುಧೋಳದ ಮಗಳು, ಅಳಿಯ, ಅವರ ಹುಡುಗರು ಎಲ್ಲ ಬಂದರು. ಹೋಳಿಗೆ ಮಾಡಿದೆ. ಕರೆಂಟ್ ಇದ್ದರೂ ಮಗ ಮಗ್ಗ ಹಚ್ಚಲಿಲ್ಲ. ನಡುಮನಿಯಲ್ಲಿ ಎಲ್ಲರೂ ಸಾಲಾಗಿ ಉಣ್ಣಲು ಕುಳಿತೆವು. ಮುಂಜಾನೆ ಎಲ್ಲರಿಗೂ ಕೇಳಿಹೋದ ಮೇಲೆ ಕೂಸಿಗೆ ಸಪ್ಪಳದ ಮರೆ ಬೇಕಾಗಲಿಲ್ಲ; ಒಂದೇ ಸವನೆ ಮಾತಾಡುತ್ತಿತ್ತು, ಹಡಗು, ಏಡಿ, ಗೈಡ್ ಮಾಮಾನ ಸೀಟಿ. ಮಗ ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದ. ಕೂಸಿನ ಮುಖ ತಾಟಿನ ಕಡೆಗಿತ್ತು, ಬಾಜೂಕ ಕುಳಿತ ಇವರಿಗೆ ಅದರ ತುಟಿ ಕಾಣುತ್ತಿರಲಿಲ್ಲ. ಒಮ್ಮೆ ಎಲ್ಲರ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಜನ್ಮದಲ್ಲೇ ಮೊದಲ ಸಲ ಒದರದೆ, ಬರೇ ತುಟಿ ಅಲುಗಿಸಿ ಕೇಳಿದರು:

"ಕೂಸಿನ ಧ್ವನಿ ಹೆಂಗೈತಿ?"

ಮಗ ಪಕ್ಕದಲ್ಲೇ ಇದ್ದ. ನಾನೂ ಬರೇ ತುಟಿ ಅಲುಗಿಸಿದೆ.

"ಅವರವ್ವನ ಧ್ವನಿನ ಐತ್ರಿ."

ಅವರು ತಾಟಿನೊಳಗೆ ಕೈಯಿಟ್ಟು ಹಾಗೇ ಕುಳಿತುಬಿಟ್ಟರು. ಕೂಸು ತನ್ನ ಹೋಳಿಗೆ ಮುರಿದು ಅವರ ತಾಟಿಗೆ ಹಾಕಿ, "ಉಣ್ಣೋ ಮುತ್ಯಾ, ಆರತೈತಿ" ಅಂದಳು. ಅವರಿಗದು ಕೇಳಲಿಲ್ಲ. ಕಣ್ಣು ತುಂಬಿದ್ದವು, ತುಟಿಯೂ ಕಾಣಲಿಲ್ಲ. ಆದರೂ ಉಂಡರು.