ಶ್ರೀಲಂಕಾದಲ್ಲಿ ನನ್ನ ಬಿಳಿ ಪುಡಿ

ಸೋರಿಕೆಯ ವಿಷಯದಲ್ಲಿ ನಾನು ಯಾರನ್ನೂ ನಂಬುವುದಿಲ್ಲ. ನಂಜನಗೂಡಿನಲ್ಲಿ ಪೈಪು, ನಲ್ಲಿ ಮಾರುವವನು ನಂಬಿ ಕೂತರೆ ಅಂಗಡಿ ನಡೆಯುವುದಿಲ್ಲ. ಹಾಗಾಗಿ ಕರುಳಿನ ಆಪರೇಷನ್ ಆಗಿ, ಹೊಟ್ಟೆಯ ಬಲಕ್ಕೊಂದು ದ್ವಾರ, ಅದರ ಮೇಲೆ ಮಲ ತುಂಬುವ ಚೀಲವೊಂದು ಬಂದಾಗ, ಇದನ್ನು ನನಗಿಂತ ಚೆನ್ನಾಗಿ ನಿಭಾಯಿಸುವವರು ಜಿಲ್ಲೆಯಲ್ಲೇ ಇಲ್ಲವೆಂದು ತೀರ್ಮಾನಿಸಿದೆ.

ಹೆಂಡತಿ ಸುಶೀಲಳಿಗೆ ಒಮ್ಮೆ ವಿಮಾನ ಹತ್ತುವ ಆಸೆ. ನಮ್ಮ ಕಡೆಯವರ ಗುಂಪೊಂದು ಮೈಸೂರಿನಿಂದ ಶ್ರೀಲಂಕಾಕ್ಕೆ ಹೊರಟಿತ್ತು. ಒಪ್ಪಿದೆ. ಷರತ್ತು ಒಂದೇ: ಚೀಲದ ವಿಷಯ ಯಾರಿಗೂ ಗೊತ್ತಾಗಕೂಡದು. ಗೊತ್ತಾದರೆ ಗಿರಾಕಿಗಳು ನಲ್ಲಿ ನೋಡುವುದು ಬಿಟ್ಟು ನನ್ನ ಹೊಟ್ಟೆ ನೋಡುತ್ತಾರೆ.

ನರ್ಸಮ್ಮ ಹೇಳಿದಂತೆ ಚೀಲಗಳನ್ನೆಲ್ಲ ಕೈಬ್ಯಾಗಿಗೇ ತುಂಬಿದೆ. ಸೀಲ್ ಇರುವ ನೀರನ್ನೇ ಕುಡಿಯುವುದೆಂದು ಶಪಥ ಮಾಡಿದೆ. ಚೀಲ ಅಂಟಿಸುವ ಮೊದಲು ಹಸಿ ಚರ್ಮಕ್ಕೆ ಉದುರಿಸುವ ಬಿಳಿ ಪುಡಿಯೊಂದಿದೆ. ಅದರ ಡಬ್ಬಿಯ ಮೇಲೆ ಹೊಟ್ಟೆಯ ಚಿತ್ರವಿತ್ತು. ಯಾರಾದರೂ ನೋಡಿದರೆ? ಪುಡಿಯನ್ನು ಮನೆಯಲ್ಲಿದ್ದ ಹಿತ್ತಾಳೆ ಭರಣಿಗೆ ಸುರಿದುಕೊಂಡೆ.

ಕೊಲಂಬೊದಲ್ಲಿ ಇಳಿದದ್ದೇ ಅನುಮಾನ ಶುರುವಾಯಿತು. ನಮ್ಮ ಬಸ್ಸು ಗಂಟೆಗೊಮ್ಮೆ ಯಾವುದಾದರೂ ಹೋಟೆಲಿನ ಮುಂದೆ ನಿಲ್ಲುತ್ತಿತ್ತು.

“ಈ ಗೈಡ್‌ಗೆ ಎಲ್ಲಾ ಕಡೆ ಕಮಿಷನ್ ಇದೆ ಕಣೇ,” ಎಂದೆ.

“ನಿಮಗ್ಯಾಕ್ರೀ? ಬಾತ್‌ರೂಮಿಗೆ ಹೋಗ್ಬನ್ನಿ,” ಎಂದಳು ಸುಶೀಲ.

ಮರುದಿನ ಬೆಳಿಗ್ಗೆ ತಿಂಡಿಗೆ ಕರೆಯಲು ಮೂಗೂರಿನ ಶಿವಣ್ಣ ನಮ್ಮ ಕೋಣೆಗೆ ಬಂದ. ಗುಂಪಿನಲ್ಲೆಲ್ಲ ನನ್ನ ಸೊಂಟವನ್ನೇ ನೋಡುತ್ತಾನೆಂದು ನನಗೆ ಅನುಮಾನವಿದ್ದದ್ದು ಇವನ ಮೇಲೇ. ಮೇಜಿನ ಮೇಲಿನ ಭರಣಿ ಅವನ ಕಣ್ಣಿಗೆ ಬಿತ್ತು.

“ನಂಜುಂಡಪ್ಪನ ವಿಭೂತಿನಾ ಸಾ?”

ಅಲ್ಲವೆಂದರೆ ಮತ್ತೇನು ಎಂದು ಕೇಳುತ್ತಾನೆ. “ಹೂಂ,” ಎಂದೆ.

ಶಿವಣ್ಣ ಮೂರು ಬೆರಳು ಅದ್ದಿ ಹಣೆಗೆ ಎಳೆದುಕೊಂಡ. ಕೈಮುಗಿದು ಭರಣಿಯನ್ನೂ ತಿಂಡಿಗೆ ಒಯ್ದ. ಪರದೇಶದಲ್ಲಿ ಊರ ದೇವರ ಪ್ರಸಾದವೆಂದರೆ ಬಿಡುತ್ತಾರೆಯೇ? ಭರಣಿ ಎಲ್ಲರ ಕೈ ದಾಟಿ ಖಾಲಿಯಾಗಿ ಬಂತು. ನನಗೆ ಅಳು ಬರುವಂತಾಯಿತು.

ಪುಡಿಯಿಲ್ಲದೆ ಚರ್ಮ ಉರಿಯತೊಡಗಿತು. ಪರದೇಶದ ಔಷಧಿ ಅಂಗಡಿಯನ್ನು ನಂಬುವುದುಂಟೆ? ಸುಶೀಲಳ ಮುಖದ ಪೌಡರನ್ನೇ ಉದುರಿಸಿ ಹೊಸ ಚೀಲ ಅಂಟಿಸಿದೆ. ಅದೂ ಬಿಳಿ, ಇದೂ ಬಿಳಿ. ಮಧ್ಯಾಹ್ನ, ಘಾಟಿಯ ತಿರುವಿನಲ್ಲಿ, ಪೌಡರಿನ ಮೇಲೆ ಅಂಟು ನಿಲ್ಲದೆ ಚೀಲ ಮೆಲ್ಲಗೆ ಜಾರಿತು. ಆಮೇಲೆ ಬಸ್ಸಿನಲ್ಲಿ ಯಾರಿಗೂ ಏನನ್ನೂ ವಿವರಿಸಬೇಕಾಗಲಿಲ್ಲ.

ನಾನು ಬಾಯಿ ಬಿಡುವ ಮೊದಲೇ ಬಸ್ಸು ನಿಂತಿತು. ಗೈಡ್ ನೀರು ತಂದ. ಶಿವಣ್ಣ ತನ್ನ ಪಂಚೆಯನ್ನು ಪರದೆಯಂತೆ ಹಿಡಿದ.

“ಚೀಲದ ವಿಷಯ ನಿಂಗೆ ಹೆಂಗೆ ಗೊತ್ತಾಯ್ತೋ?” ಎಂದೆ.

“ಅಕ್ಕೋರು ಮೈಸೂರಲ್ಲೇ ಎಲ್ರುಗೂ ಏಳಿದ್ರು ಕಣ್ ಸಾ. ಬಸ್ಸು ಗಂಟೆಗೊಂದ್ಸಲ ಯಾಕ್ ನಿಲ್ತಿತ್ತು ಅನ್ಕಂಡ್ರಿ?”

ಸುಶೀಲ ಪಂಚೆಯ ಆಚೆಯಿಂದ ಹೇಳಿದಳು: “ಬೇಡ ಅಂತೀರ ಅಂತ ನಿಮಗೊಬ್ರಿಗೇ ಹೇಳ್ಲಿಲ್ಲ.”

ನಾಚಿಕೆಯಾಯಿತು. ಆ ಗೈಡನ್ನು ನಾನು ಎಷ್ಟು ಬೈದುಕೊಂಡಿದ್ದೆ. ಸಂಜೆ ಅವನೇ ಔಷಧಿ ಅಂಗಡಿಯಿಂದ ಪುಡಿ ತಂದುಕೊಟ್ಟ. ಉರಿ ಇಳಿಯಿತು.

ಮೊನ್ನೆ ಶಿವಣ್ಣ ಡಬ್ಬಿ ಹಿಡಿದು ನಮ್ಮ ಅಂಗಡಿಗೆ ಬಂದಿದ್ದ. “ಒಸಿ ಆ ವಿಭೂತಿ ಕೊಡಿ ಸಾ. ಬೆವತ್ರೂ ಅಳ್ಳಾಡ್ಲಿಲ್ಲ. ಅಂತಾದ್ದು ನಮ್ ಕಡೆ ಸಿಕ್ಕಾಕಿಲ್ಲ.”

ಸುಶೀಲ ಬಾಯಿ ತೆರೆದಳು. ನಾನು ಅವಳ ಕಾಲು ತುಳಿದೆ. ನನ್ನ ಹೊಟ್ಟೆಯ ಗುಟ್ಟು ಇಡೀ ಬಸ್ಸಿಗೆ ಗೊತ್ತು. ಅವರ ಹಣೆಯ ಗುಟ್ಟು ನಮ್ಮಿಬ್ಬರೊಳಗೇ ಇದೆ. ಅಷ್ಟೆಲ್ಲ ಜಾಗ್ರತೆ ಮಾಡಿ ನಾನು ಸೋರದಂತೆ ಕಾಪಾಡಿಕೊಂಡದ್ದು ಅದೊಂದನ್ನೇ.