ಮೂರು ಜಾತಿ ದ್ರಾಕ್ಷಿಯ ಬಾಟ್ಲಿ

ಕೆಲವರಿಗೆ ಹಾದಿಯಲ್ಲಿ ಹೋಗುವಾಗ ಅದೃಷ್ಟ ಎದುರಾಗುತ್ತದೆ, ನನಗೆ ಫಜೀತಿ ಎದುರಾಗುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಗುಡಗೇರಿಯಲ್ಲಿ ಗ್ರಾಮಸೇವಕ. ರೈತರಿಗೆ ಹೊಸ ಬೀಜ, ಹೊಸ ಔಷಧ ಪರಿಚಯಿಸುವ ಸರಕಾರಿ ನೌಕರಿ. ಒಂದು ಬಾಟ್ಲಿ ನನ್ನನ್ನು ಹದಿನೈದು ದಿನ ಕೂತಲ್ಲಿ ಕೂಡಗೊಡದೆ ಕುಣಿಸಿದ್ದು ಆಗಲೇ.

ಪಂಕ್ತಿ

ಹತ್ತಿ ಬೆಳೆ ನೋಡಲು ಬಂದಿದ್ದ ಫ್ರಾನ್ಸಿನ ಸಾಹೇಬರೊಬ್ಬರು ನಮ್ಮ ಮನೆಯಲ್ಲಿ ರೊಟ್ಟಿ, ಎಣ್ಣೆಗಾಯಿ ಉಂಡು, ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಹೊಗಳಿದರು. ರೈಲು ಹತ್ತುವಾಗ ಕೈಗೆ ಬಾಟ್ಲಿ ಕೊಟ್ಟರು. ಅವರೂರಿನ ಕೆಂಪು ವೈನ್. ದ್ರಾಕ್ಷಿಗಳ ಹೆಸರು ಕ್ಯಾಬರ್ನೆ, ಮೆರ್ಲೋ, ಇನ್ನೊಂದರ ಹೆಸರು ನನ್ನ ನಾಲಿಗೆಗೆ ಒಗ್ಗಲಿಲ್ಲ. ಒಂದು ಗಡಸು, ಒಂದು ಮೆತ್ತಗೆ, ಒಂದು ವಾಸನೆಗೆ, ಹೀಗೆ ಮೂರು ಜಾತಿ ದ್ರಾಕ್ಷಿಯ ರಸ ಹದವಾಗಿ ಕೂಡಿಸಿದ್ದಂತೆ.

ನಮ್ಮದು ಲಿಂಗಪೂಜೆಯ ಮನೆ. ಆದರೂ ಕೊಟ್ಟದ್ದನ್ನು ಒಲ್ಲೆ ಅನ್ನಲಾಗದೆ ಚೀಲಕ್ಕೆ ಹಾಕಿಕೊಂಡೆ. ಹಾದಿಯಲ್ಲಿ ನಮ್ಮ ಮನೆ ಮಾಲೀಕರಾದ ಗೌಡರು ಚೀಲದಲ್ಲಿ ಏನು ಎಂದು ಹಿಡಿದು ನಿಲ್ಲಿಸಿದರು. ದ್ರಾಕ್ಷಿಯ ಕತೆ ಹೇಳಿದೆ.

"ಮೂರು ಜಾತಿ ಒಂದ ಬಾಟ್ಲ್ಯಾಗ?" ಎಂದು ಬೆರಗಾದರು ಗೌಡರು. "ಅಲ್ರೀ, ಈ ಊರಾಗ ಎರಡು ಜಾತಿ ಒಂದ ಪಂಕ್ತಿಗೆ ಕುಂದ್ರಸಾಕ ಹೋಗಿ ನಾ ಮುದುಕ ಆದೆ. ಆ ಸಾಹೇಬನ್ನ ಯಾಕ ವಾಪಸ್ ಕಳಿಸಿದ್ರಿ?"

ಹೊಸ ತಳಿ

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ತಡೆದಳು. "ದೇವರ ಜಗಲಿ ಇರೂ ಮನ್ಯಾಗ ಅದು ಬ್ಯಾಡ. ಚೆಲ್ಲಿ ಬರ್ರಿ."

"ಸಾಹೇಬರು ಮತ್ತ ಬರ್ತಾರ. ಹೆಂಗಿತ್ತು ಅಂತ ಕೇಳಿದ್ರ?"

"ಛಲೋ ಇತ್ತು ಅನ್ರಿ. ಸರಕಾರಿ ಮಂದಿಗೆ ಸುಳ್ಳು ಹೇಳೂದು ನಾ ಕಲಸಬೇಕೇನು?"

ಚೆಲ್ಲಲು ಮನಸ್ಸು ಬರಲಿಲ್ಲ. ದನದ ಕೊಟ್ಟಿಗೆ, ಕಟ್ಟಿಗೆ ರಾಶಿ, ಜೋಳದ ಚೀಲ, ಹೀಗೆ ಸಂಜೆಯೊಳಗೆ ಬಾಟ್ಲಿ ಐದು ಸಲ ಜಾಗ ಬದಲಿಸಿತು. ಯಾರು ಕೆಮ್ಮಿದರೂ ಎದ್ದು ಹೋಗಿ ನೋಡಿ ಬರುತ್ತಿದ್ದೆ. ಕಡೆಗೆ ಗೌಡರ ಪಡಸಾಲೆಯ ಹತ್ತಿ ರಾಶಿಯೊಳಗೆ ಆಳಕ್ಕೆ ತುರುಕಿ ಉಸಿರು ಬಿಟ್ಟೆ.

ಮರುದಿನ ಬೆಳಿಗ್ಗೆಯೇ ಹತ್ತಿ ನೋಡಲು ದಲಾಲ ಬಂದ. ನನ್ನ ಎದುರಿಗೇ ರಾಶಿಯೊಳಗೆ ಮೊಳಕೈತನಕ ಕೈ ಹಾಕಿದ. ಕೈ ಹೊರಗೆ ಬಂದಾಗ ಅದರಲ್ಲಿ ಬಾಟ್ಲಿ. ಅದನ್ನು ಬಿಸಿಲಿಗೆ ಹಿಡಿದು ನೋಡಿ ನನ್ನ ಕಡೆ ತಿರುಗಿದ.

"ಗ್ರಾಮಸೇವಕರ, ನೀವು ಊರಿಗೆಲ್ಲಾ ಹೇಳಿದ ಹೈಬ್ರಿಡ್ ಹತ್ತಿ ಇದ ಏನ್ರಿ? ಗಿಡಕ್ಕ ಎಷ್ಟು ಬಾಟ್ಲಿ ಬಿಡ್ತಾವು?"

ಕೆಂಪು ಬೋರ್ಡೋ

ಬಾಟ್ಲಿ ಈಗ ಆಫೀಸಿಗೆ ಬಂತು. ಕೀಟನಾಶಕದ ಡಬ್ಬಿಗಳ ನಡುವೆ ನಿಲ್ಲಿಸಿದೆ. ಅದೇ ವಾರ ಮೇಲಧಿಕಾರಿ ತಪಾಸಣೆಗೆ ಬಂದರು. ಲೇಬಲ್ ಮೇಲೆ ಫ್ರಾನ್ಸಿನ ಸಾಹೇಬರ ಸೀಮೆಯ ಹೆಸರು ದೊಡ್ಡ ಅಕ್ಷರದಲ್ಲಿತ್ತು: ಬೋರ್ಡೋ. ನಮ್ಮ ಇಲಾಖೆಯಲ್ಲಿ ಬೋರ್ಡೋ ಎಂದರೆ ಮೈಲುತುತ್ತ, ಸುಣ್ಣ ಕಲಸಿ ಗಿಡದ ರೋಗಕ್ಕೆ ಹೊಡೆಯುವ ಔಷಧ.

"ರೆಡಿಮೇಡ್ ಬೋರ್ಡೋ!" ಅಧಿಕಾರಿ ಹಿಗ್ಗಿದರು. "ಆದ್ರ ಬೋರ್ಡೋ ನೀಲಿ ಇರ್ತದಲ್ಲ?"

ಆಫೀಸಿನಲ್ಲಿ ಹೆಂಡ ಇಟ್ಟಿದ್ದೇನೆ ಎಂದರೆ ನೌಕರಿ ಹೋಗುತ್ತದೆ. "ಇದು ಪರದೇಶದ್ದು ಸರ್," ಎಂದೆ.

"ಹಂಗಾರ ಈಗಲೇ ರೈತರ ಮುಂದ ಹೊಡದು ತೋರಸ್ರಿ."

ಬಾಜುವಿನ ಹೊಲದ ಮುದುಕನ ಮೆಣಸಿನ ಗಿಡಗಳೇ ಗತಿಯಾದವು. ಬೂಚು ಹೊರಗೆ ಬರಲಿಲ್ಲ. ಕಬ್ಬಿಣದ ಸಳಿಯಿಂದ ಒಳಗೇ ತಳ್ಳಿದೆ. ಬೆನ್ನಿಗೆ ಹೊರುವ ಹೊಸ ಪಂಪಿಗೆ ಸುರಿದು, ನೀರು ಬೆರೆಸಿ, ದೇವರ ಹೆಸರು ಹೇಳಿ ಹೊಡೆದೆ. ಹೊಲದ ತುಂಬ ಘಮ ಎದ್ದಿತು. ಅಧಿಕಾರಿ ಮೂಗು ಅರಳಿಸಿಕೊಂಡು ಬಂದು ಗಾಳಿಗೆ ಎದುರಾಗಿ ನಿಂತರು. ಬಹಳ ಹೊತ್ತು ನಿಂತರು. ಹೋಗುವಾಗ ಡೈರಿಯಲ್ಲಿ "ಪ್ರಯೋಗ ತೃಪ್ತಿಕರ" ಎಂದು ಬರೆದರು.

ಎಂಟು ದಿನಕ್ಕೆ ಮುದುಕ ಆಫೀಸಿಗೆ ಬಂದ. ಗಿಡ ಸುಟ್ಟುಹೋಗಿರಬೇಕು ಎಂದು ಕುರ್ಚಿ ಬಿಟ್ಟು ಎದ್ದೆ.

"ಸಾಹೇಬರ, ಆ ಕೆಂಪ ಔಷಧ ಇನ್ನೊಂದು ಬಾಟ್ಲಿ ಬೇಕಾಗಿತ್ರಿ."

"ಯಾಕಜ್ಜಾ, ಗಿಡ ಸುಧಾರಿಸ್ಯಾವೇನು?"

"ಗಿಡದ್ದು ಗೊತ್ತಿಲ್ರಿ. ಔಷಧ ಹೊಡ್ಯಾಕ ಬರ್ರೋ ಅಂದ್ರ ನನ್ನ ಅಳಿಯಂದಿರು ಇಬ್ಬರೂ ಸೊಂಟಬ್ಯಾನಿ ಅಂತಿದ್ರು. ಆವತ್ತು ಆ ವಾಸನಿ ಬಡದಾಗಿಂದ ಪಂಪ ನಾ ಹೊರ್ತೀನಿ, ನಾ ಹೊರ್ತೀನಿ ಅಂತ ಇಬ್ಬರೂ ಬಡದಾಡಾಕತ್ತಾರ!"