ಟವಲ್ ಒಳಗಿನ ಬೆರಳೂ ಮಹಡಿ ಮೇಲಿನ ಕಂಪ್ಯೂಟರೂ

ನಗೋ ಅಂಥ ಸಂಗತಿಗಳು ನನ್ನನ್ನೇ ಹುಡುಕ್ಕೊಂಡ್ ಬರ್ತವೆ, ನಾನೇನ್ ಮಾಡ್ಲಿ? ಓದಿರೋದು ಮೂರನೇ ಕ್ಲಾಸು. ಆದ್ರೆ ಚಿಂತಾಮಣಿ ಸಂತೇಲಿ ದನದ ದಲ್ಲಾಳಿ ಅಂದ್ರೆ ನಾನೇ. ಹಲ್ಲು ಹಿಡೀದೆ, ನಡಿಗೆ ನೋಡೇ ಎತ್ತಿನ ವಯಸ್ಸು ಹೇಳ್ತಿದ್ದೆ. ಅಂಥೋನು ಕಂಪ್ಯೂಟರನ್ನೂ ದಾರಿಗೆ ತಂದೆ ಅಂದ್ರೆ ನಮ್ಮ ಮನೇಲೇ ನಂಬಲ್ಲ. ನೀವಾದ್ರೂ ಕೇಳಿ.

೧. ಗುರುತಿಲ್ವಾ?

ತೊಂಬತ್ತರ ದಶಕ ಮುಗೀತಾ ಇತ್ತು. ನಮ್ಮ ಮಹಡಿ ರೂಮಿಗೆ ಒಬ್ಬ ಮೇಡಮ್ಮು ಕಂಪ್ಯೂಟರ್ ಕ್ಲಾಸು ಇಡ್ತೀನಿ ಅಂತ ಬಾಡಿಗೆಗೆ ಬಂತು. ಎರಡು ಕಂಪ್ಯೂಟರು, ಒಂದು ಪ್ರಿಂಟರು. ಚಪ್ಪಲಿ ಆಚೆ ಬಿಟ್ಟೇ ಒಳಗೆ ಬರ್ಬೇಕು. ಸೇರೋರು ಅರ್ಜೀನೂ ಕಂಪ್ಯೂಟರಲ್ಲೇ ತುಂಬ್ಬೇಕು; ಬಟನ್ ಒತ್ತಿದ್ರೆ ತುಂಬಿದ್ದೆಲ್ಲ ಕೂಡ್ಕೊಂಡು ಪ್ರಿಂಟಾಗಿ ಬರ್ಬೇಕು. ಅದಕ್ಕೆ ಜಾವಾಸ್ಕ್ರಿಪ್ಟ್ ಅಂತ ಏನೋ ಬರೀತಿತ್ತು ಆಯಮ್ಮ.

ಮಗಳನ್ನ ಸೇರ್ಸೋಕೆ ಶಿಡ್ಲಘಟ್ಟದ ರೇಷ್ಮೆ ಸಾಹೇಬ್ರು ಬಂದ್ರು. ಅಪ್ಪನ ಹೆಸರಿನ ಜಾಗ ಖಾಲಿ ಬಿಟ್ಟು ಬಟನ್ ಒತ್ತಿದ್ರು. ಟಣ್ ಅಂತು. ಮತ್ತೆ ಒತ್ತಿದ್ರು, ಮತ್ತೆ ಟಣ್.

"ಅಪ್ಪನ ಹೆಸರು ಏನು ಅಂತ ಕೇಳ್ತಾ ಇದೆ ಸಾಹೇಬ್ರೇ," ಅಂತು ಮೇಡಮ್ಮು.

ಸಾಹೇಬ್ರಿಗೆ ರೇಗೋಯ್ತು. "ನನ್ನ ಗುರುತಿಲ್ವಾ ಇದಕ್ಕೆ? ಶಿಡ್ಲಘಟ್ಟದಲ್ಲಿ ಯಾರನ್ನ ಬೇಕಾದ್ರೂ ಕೇಳ್ಕೋ ಅನ್ನಮ್ಮ!"

೨. ಮೇಷ್ಟ್ರ ಶಪಥ

ಕಿಟಕಿ ಪಕ್ಕದ ಕಂಪ್ಯೂಟರಲ್ಲಿ ಅರ್ಜಿ ಸರಿಯಾಗಿ ಬರ್ತಿತ್ತು. ಗೋಡೆ ಪಕ್ಕದ್ದರಲ್ಲಿ ಎಷ್ಟೇ ತುಂಬಿ ಒತ್ತಿದ್ರೂ ಬಿಳೀ ಹಾಳೆ.

"ಎರಡರಲ್ಲೂ ಬ್ರೌಸರ್ ಬೇರೆ ತಾತ," ಅಂತು ಮೇಡಮ್ಮು. "ಬ್ರೌಸರ್ ಅಂದ್ರೆ ಇಂಟರ್ನೆಟ್ ಪುಟ ತೋರ್ಸೋ ಪ್ರೋಗ್ರಾಮು. ಜನರ ಹತ್ರ ಯಾವ್ದಿರುತ್ತೋ, ಎರಡರಲ್ಲೂ ಆಗ್ಬೇಕು. ಶನಿವಾರ ಬೆಂಗಳೂರಿಂದ ಕ್ಲಾಸಿಗೆ ಅನುಮತಿ ಕೊಡೋ ಆಫೀಸರ್ ನೋಡೋಕೆ ಬರ್ತಾರೆ. ಆಗ್ಲಿಲ್ಲ ಅಂದ್ರೆ ಕ್ಲಾಸು ಮುಚ್ಚಿಸ್ತಾರೆ."

ಎದುರುಗಡೆ ಟೈಪಿಂಗ್ ಕ್ಲಾಸಿನ ಮೇಷ್ಟ್ರಿಗೆ ಹಬ್ಬ. ಬೀದೀಲಿ ನಿಂತು ಕೂಗಿದ್ರು: "ಏನ್ ಯಜಮಾನ್ರೇ, ನನ್ನ ಮಿಷನ್ನು ಒತ್ತಿದ್ದನ್ನ ಕಕ್ಕುತ್ತೆ, ನಿಮ್ದು ನುಂಗುತ್ತಂತೆ? ಚಪ್ಪಲಿ ಬೇರೆ ಬಿಡ್ಬೇಕಂತೆ, ಅದೇನು ಗುಡೀನಾ? ಅದು ಕೆಲಸ ಮಾಡ್ಲಿ, ನಾನೇ ಚಪ್ಪಲಿ ಬಿಟ್ಟು ಬಂದು ಕಲೀತೀನಿ!"

"ಚಪ್ಪಲಿ ಜೋಪಾನ ಮೇಷ್ಟ್ರೇ, ಆವತ್ತು ಬಿಡೋಕೆ ಬೇಕಾಗುತ್ತೆ," ಅಂದೆ.

೩. ಏ ಊರಯ್ಯಾ ನೀದಿ?

ಮೇಡಮ್ಮು ಊಟ ಬಿಟ್ಟು ಗೋಡೆ ಪಕ್ಕದ್ದರ ಮುಂದೇನೇ ಕೂತಿತ್ತು. ನೋಡೋಕಾಗ್ದೆ ನನ್ನ ಹಳೇ ಕಥೆ ಹೇಳ್ದೆ.

ಎಂಬತ್ತರ ಕಾಲ. ಸಂತೇಲಿ ರೇಟು ಬಾಯಲ್ಲಿ ಹೇಳಲ್ಲ, ಟವಲ್ ಕೆಳಗೆ ಬೆರಳು ಹಿಡಿದು ಹೇಳ್ತೀವಿ. ನಗರಗೆರೆ ಕಡೆಯ ರೆಡ್ಡಿ ಒಬ್ಬ ಎತ್ತು ತಂದಿದ್ದ. ನಾನು ಎರಡು ಬೆರಳು ಹಿಡ್ದೆ. ತಲೆ ಆಡಿಸ್ದ. ಟವಲ್ ತೆಗೆದ್ರೆ ನಾನು ಎರಡು ಸಾವಿರಕ್ಕೆ ಕೊಂಡಿದ್ದೀನಿ, ಅವನು ಮೂರು ಸಾವಿರಕ್ಕೆ ಮಾರಿದ್ದಾನೆ! ನಾನು ಹಿಡಿದ ಬೆರಳು ಎಣಿಸೋನು, ಅವನು ಬಿಟ್ಟ ಬೆರಳು ಎಣಿಸೋನು. ಆವತ್ತಿಂದ ಟವಲ್ ಒಳಗೆ ಕೈ ಹಾಕೋಕ್ ಮುಂಚೆ ನಿಂದು ಯಾವ ಊರಯ್ಯಾ ಅಂತ ತೆಲುಗಲ್ಲೇ ಕೇಳ್ತಿದ್ದೆ: "ಏ ಊರಯ್ಯಾ ನೀದಿ?" ಊರು ಗೊತ್ತಾದ್ಮೇಲೆ ಅವರ ಲೆಕ್ಕದಲ್ಲೇ ಬೆರಳು.

"ನೀನೂ ಮೊದ್ಲು ಅದರ ಊರು ಕೇಳಮ್ಮ," ಅಂದೆ.

ಆಯಮ್ಮ ನಗೋಕೆ ಬಾಯಿ ತೆಗೀತು, ಹಂಗೇ ಹಣೆ ಚಚ್ಕೊಂತು. "ತಾತ! ಎರಡಕ್ಕೂ ನಾನು ಒಂದೇ ಥರ ಕೇಳ್ತಾ ಇದ್ದೀನಿ!" ಕೂತು ಟಕಟಕ ಬರೀತು: ನೀನು ಈ ಬ್ರೌಸರ್ ಆದ್ರೆ ಹಿಂಗೆ ಕೊಡು, ಆ ಬ್ರೌಸರ್ ಆದ್ರೆ ಹಂಗೆ ಕೊಡು.

"ರೆಡ್ಡಿ ಎತ್ತು ಏನಾಯ್ತು ತಾತ?"

"ಎರಡೂವರೆಗೆ ಹೊಡ್ಕೊಂಡ್ ಬಂದೆ. ನೀನು ಒತ್ತು!"

೪. ಮೊದಲನೇ ಅರ್ಜಿ

ಒತ್ತೋಕೆ ಹೋದ್ರೆ ಕರೆಂಟ್ ಹೋಯ್ತು. ಬಂದಿದ್ದು ಶನಿವಾರ, ಆಫೀಸರ್ ಜೊತೇಲೇ. ಬರೆದಿದ್ದೇನೋ ಉಳಿದಿತ್ತು, ಆದ್ರೆ ಇನ್ನೂ ಒಂದ್ಸಲಾನೂ ಒತ್ತಿ ನೋಡಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಚಪ್ಪಲಿ ಸಮೇತ ನುಗ್ಗಿದ್ರು. "ಇವರು ಏನಾದ್ರೂ ಕಣ್ಕಟ್ಟು ಮಾಡ್ತಾರೆ ಸಾರ್. ನಾನೇ ತುಂಬ್ತೀನಿ!"

ಗೋಡೆ ಪಕ್ಕದ್ದರ ಮುಂದೆ ಕೂತ್ರು. ಸುಳ್ಳು ಹೆಸರು ಹಾಕ್ಬೋದಿತ್ತು, ಆದ್ರೆ ತಪ್ಪು ಟೈಪ್ ಮಾಡೋದು ಅವರ ಜಾತಕದಲ್ಲೇ ಇಲ್ಲ. ಹೆಸರು, ಅಪ್ಪನ ಹೆಸರು, ವಯಸ್ಸು, ವಿಳಾಸ, ಕುದುರೆ ಓಡ್ದಂಗೆ ಹೊಡೆದ್ರು. ಒಂದೊಂದು ಸಾಲು ಮುಗಿದಾಗ್ಲೂ ಅಭ್ಯಾಸಬಲ, ಟೈಪ್‌ರೈಟರ್ ತಳ್ಳೋ ಹಂಗೆ ಎಡಗೈ ಬೀಸೋರು. ಮೂರನೇ ಬೀಸಿಗೆ ಆಫೀಸರ್ ಕಾಫಿ ಆಫೀಸರ್ ಪ್ಯಾಂಟ್ ಮೇಲಿತ್ತು.

ಕೊನೆಗೆ ಬಟನ್ ಒತ್ತಿ, ಎದ್ದು ನಿಂತು, "ನೋಡಿ ಸಾರ್, ಬಿಳೀ ಹಾಳೆ," ಅಂದ್ರು.

ಪ್ರಿಂಟರು ಚರ್ರ್ ಅಂತು. ಆಫೀಸರ್ ಪ್ಯಾಂಟ್ ಒರೆಸ್ಕೊಂಡೇ ಹಾಳೆ ಹರಿದ್ಕೊಂಡು ಓದಿದ್ರು. ಹೆಸರು, ಅಪ್ಪ, ವಯಸ್ಸು, ವಿಳಾಸ, ಒಂದಕ್ಷರ ತಪ್ಪಿಲ್ಲ. ಮೇಡಮ್ಮಿಗೆ ಕಣ್ಣಲ್ಲಿ ನೀರು. ಆಫೀಸರ್ ಮೇಷ್ಟ್ರ ಕೈ ಕುಲುಕಿ, "ಕ್ಲಾಸು ಇಲ್ಲೇ ಇರುತ್ತೆ. ನೀವೇ ಈ ಕಂಪ್ಯೂಟರಿನ ಮೊದಲನೇ ವಿದ್ಯಾರ್ಥಿ," ಅಂದ್ರು.

ಬೀದೀಲಿ ಕೂಗಿದ್ದ ಮಾತು ಬೀದಿಗೆಲ್ಲ ನೆನಪಿತ್ತು. ಸೋಮವಾರ ಬೆಳಿಗ್ಗೆ ಮೇಷ್ಟ್ರು ಇಸ್ತ್ರಿ ಷರ್ಟ್ ಹಾಕ್ಕೊಂಡು ಮೆಟ್ಲು ಹತ್ತಿದ್ರು. ನಾನು ಬಾಗ್ಲಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ದೆ. ನನ್ನ ಮುಖ ನೋಡಿದ್ರು. ಬಗ್ಗಿ ಚಪ್ಪಲಿ ಬಿಟ್ರು.

"ಗುಡೀನಾ ಮೇಷ್ಟ್ರೇ?" ಅಂದೆ.

"ಪಕ್ಕಕ್ಕೆ ಸರೀರಿ ಪೂಜಾರಪ್ಪ," ಅಂದ್ರು, "ಕ್ಲಾಸಿಗೆ ಹೊತ್ತಾಯ್ತು!"